ನಲವತ್ತೇಳನೇ ನಂಬರಿನ ಮೂರನೇ ಪುಟ

ಹೊಲಿಗೆ ಅಂಗಡಿ, ಕತ್ತರಿಸುವ ಮೇಜು,
ಸೆಪ್ಟೆಂಬರ್ ೧೪, ಶನಿವಾರ ಮಧ್ಯಾಹ್ನ

ಮೂವತ್ತೆಂಟು ತುಂಬಿದರೂ ನನಗಿನ್ನೂ ಪುಟ್ಟನೇ ಆಗಿರುವ ತಮ್ಮನಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತಾ? ಸೇತುವೆಗಳ ಅಡಿಗೆ ನುಸುಳಿ, ಎಲ್ಲಿ ಬಿರುಕು ಬಿಟ್ಟಿದೆ ಅಂತ ಟಾರ್ಚ್ ಹಿಡಿದು ಹುಡುಕುವವನಿಗೆ ಸೊಂಟ ನೋಯದೆ ಇನ್ಯಾರಿಗೆ ನೋಯಬೇಕು ಹೇಳು. ಬಿಸಿನೀರಿನ ಚೀಲ ಇಟ್ಟುಕೋ, ತಣ್ಣಗಿರೋ ನೆಲದ ಮೇಲೆ ಮಲಗಬೇಡ. ನಿನ್ನ ಹೆಂಡತಿಯ ಕೆಮ್ಮು ನಿಂತಿತಾ, ಮಗಳ ಮುಂದಿನ ಹಲ್ಲು ಬಂತಾ, ಎರಡಕ್ಕೂ ಉತ್ತರ ಬರೆ. ಇಲ್ಲಿ ನಿನ್ನ ಭಾವ ಆರಾಮಾಗಿದ್ದಾರೆ. ಡಿಪೋದವರು ಹೊಸ ಬಸ್ ಕೊಟ್ಟಿದ್ದಾರೆ, ಅದರ ಹಾರನ್ ಇವರಿಗೆ ಹಿಡಿಸಿಲ್ಲ, ಊಟಕ್ಕೆ ಕೂತಾಗೆಲ್ಲ ಅದೇ ಪುರಾಣ. ನಾನು ಮೈಯಲ್ಲಿ ಚೆನ್ನಾಗಿದ್ದೀನಿ. ಮೈಯಲ್ಲಿ ಅಂತ ಯಾಕೆ ಬರೆದೆ ಅಂದರೆ ಮಿಕ್ಕಿದ್ದು ಯಾವುದೂ ನೆಟ್ಟಗಿಲ್ಲ. ಗುರುವಾರದಿಂದ ಸಿಡಿಲು ಬಡಿದವಳ ಹಾಗೆ ಆಗಿದ್ದೀನಿ. ನಿನ್ನೆ ಒಬ್ಬರ ಪ್ಯಾಂಟಿನ ಎರಡೂ ಕಾಲನ್ನು ಒಟ್ಟಿಗೆ ಸೇರಿಸಿ ಹೊಲಿದುಬಿಟ್ಟೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು ಕಣೋ. ಆ ಮನುಷ್ಯ ಒಳಗೆ ಹೋಗಿ ಹಾಕಿಕೊಳ್ಳೋಕೆ ನೋಡಿ ಕುಪ್ಪಳಿಸಿಕೊಂಡು ಆಚೆ ಬಂದ, ನನಗೆ ನಗೂನೂ ಬರಲಿಲ್ಲ.

ಫೋನ್ ಮಾಡಬಹುದಿತ್ತಲ್ಲಕ್ಕಾ ಅಂತೀಯ. ಮೂರು ಸಲ ಕೈಗೆ ತಗೊಂಡೆ. ಆದರೆ ನೀನು ಆ ಕಡೆಯಿಂದ ‘ಹೇಳಕ್ಕಾ’ ಅಂದ ತಕ್ಷಣ ನಾನು ಕರಗಿಹೋಗ್ತೀನಿ, ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡ್ತೀನಿ. ಈ ಸಲ ಹಾಗಾಗಬಾರದು. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕೋ ಹಾಗಿಲ್ಲ. ಕೂತುಕೊಂಡು ಓದು, ಪೂರ್ತಿ ಓದು. ಹೆಂಡತಿ ಕರೆದರೆ ಆಮೇಲೆ ಬರ್ತೀನಿ ಅನ್ನು.

ಜೂನ್‌ನಲ್ಲಿ ನಾನು ಕಾಲೇಜು ಸೇರಿದ್ದು ನಿನಗೆ ಗೊತ್ತು. ನೀನು ಓದಿದ ಕಾಲೇಜೇ. ವಯಸ್ಸು ಕೇಳದೆ ಸೇರಿಸಿಕೊಳ್ಳುವ ಬೆಳಗಿನ ತರಗತಿ, ಏಳೂವರೆಯಿಂದ ಒಂಬತ್ತೂವರೆ, ಆಮೇಲೆ ಬಂದು ಅಂಗಡಿ ಬಾಗಿಲು ತೆಗೆಯಬಹುದು. ಸಾಹಿತ್ಯ ತಗೊಂಡೆ ಅಂತ ಹೇಳಿದಾಗ ನೀನು ಯಾವ ಕಾಲೇಜು ಅಂತ ಎರಡೆರಡು ಸಲ ಕೇಳಿದೆ. ಆಮೇಲೆ ‘ಒಳ್ಳೇದಾಯ್ತಕ್ಕಾ’ ಅಂದೆ, ಮೂಗೆಳೆದ ಸದ್ದು ಕೇಳಿಸಿತು. ಪಾಪ, ಶೀತ ಆಗಿರಬೇಕು ಅಂತ ನಿನ್ನ ಭಾವನಿಗೂ ಹೇಳಿದೆ. ಎಂಥ ಪೆದ್ದಿ ನೋಡು ನಾನು.

ಮೊದಲ ದಿನ ಮೇಷ್ಟ್ರು ಎಲ್ಲರ ಕೈಗೂ ಆರು ಪುಟದ ನಿಯಮಗಳನ್ನು ಕೊಟ್ಟರು. ಮೂವತ್ತೊಂದು ನಿಯಮ! ನಾನು ಓದಿ ದಂಗಾಗಿಹೋದೆ. ಹತ್ತು ನಿಮಿಷ ತಡವಾದರೆ ಬಾಗಿಲು ಹಾಕುತ್ತಾರಂತೆ, ತಟ್ಟಿದರೂ ತೆಗೆಯೋದಿಲ್ಲವಂತೆ. ಮೂರು ದಿನಕ್ಕಿಂತ ಹೆಚ್ಚು ತಪ್ಪಿಸಿದರೆ ಅಂಕ ಕಡಿತ, ಜ್ವರ ಬಂದರೂ ಚೀಟಿ ಬೇಕು. ಫೋನನ್ನು ಬಾಗಿಲ ಹತ್ತಿರದ ಬುಟ್ಟಿಯಲ್ಲಿ ಹಾಕಿ ಒಳಗೆ ಹೋಗಬೇಕು. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಲೇಬೇಕು, ಬರೆಯದ ಪುಸ್ತಕ ತಂದರೆ ಓದಿಲ್ಲ ಅಂತಲೇ ಲೆಕ್ಕ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳೋ ನಾನು ಅದರ ಮೇಲೆ ಗೀಚಬೇಕಂತೆ! ಇನ್ನೊಂದು ಕೇಳು, ಪದ್ಯ ಓದಿ ‘ಚೆನ್ನಾಗಿದೆ’ ಅನ್ನಬಾರದು. ಆ ಮಾತೇ ತರಗತಿಯಲ್ಲಿ ನಿಷೇಧ. ಮತ್ತೆ ಚೆನ್ನಾಗಿದ್ದರೆ ಏನನ್ನಬೇಕು ಸರ್ ಅಂತ ಕೇಳಿದ್ದಕ್ಕೆ, ಯಾಕೆ ಚೆನ್ನಾಗಿದೆ ಅಂತ ಹೇಳಿ, ಆಗ ಆ ಮಾತು ಬೇಕಾಗೋದೇ ಇಲ್ಲ ಅಂದರು. ಒಂಬತ್ತನೇ ನಿಯಮವಂತೂ, ದಿನಾ ಒಂದು ಪ್ರಶ್ನೆ ತರಬೇಕು, ಅದು ಮೇಷ್ಟ್ರು ಒಂದೇ ಮಾತಿನಲ್ಲಿ ಉತ್ತರ ಕೊಡೋಕಾಗದ ಪ್ರಶ್ನೆ ಆಗಿರಬೇಕು. ನಮ್ಮ ಕಾಲದಲ್ಲಿ ಪ್ರಶ್ನೆ ಕೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಿನಗೆ ಇದೆಲ್ಲ ಗೊತ್ತೇ ಇರುತ್ತೆ ಬಿಡು. ಮೊದಲ ವರ್ಷ ಎಂಜಿನಿಯರಿಂಗಿನವರೂ ಈ ಒಂದು ತರಗತಿಯಲ್ಲಿ ಕೂರಲೇಬೇಕಿತ್ತಂತೆ, ಇದೇ ಮೇಷ್ಟ್ರ ಹತ್ತಿರ, ಇದೇ ಮೂವತ್ತೊಂದು ನಿಯಮ ಹಿಡಿದುಕೊಂಡು. ಅದನ್ನ ನೀನು ಒಂದು ದಿನವೂ ಹೇಳಲಿಲ್ಲ.

ಬೈದುಕೊಂಡೇ ಹೋಗುತ್ತಿದ್ದೆ, ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಪಕ್ಕದಲ್ಲಿ ಕೂರೋ ಹುಡುಗಿಗೆ ಹತ್ತೊಂಬತ್ತು, ಮೊದಲು ಆಂಟಿ ಅಂತಿದ್ದಳು, ಈಗ ನನ್ನ ಪ್ರಶ್ನೆ ಕದಿಯೋಕೆ ನೋಡ್ತಾಳೆ. ಹೊಲಿಗೆ ಮಷಿನ್ ಮೇಲೆ ಪುಸ್ತಕ ಆನಿಸಿಕೊಂಡು ಓದೋದು ಅಭ್ಯಾಸ ಆಗಿದೆ. ನಿನ್ನ ಭಾವ ನೋಡಿ, ನಿನ್ನ ಮುಖದಲ್ಲಿ ಏನೋ ಬಂದಿದೆ ಕಣೇ ಅಂದರು. ಹದಿನೇಳನೇ ವಯಸ್ಸಿನಲ್ಲಿ ಆಗಬೇಕಿದ್ದು ನಲವತ್ತಾರಕ್ಕೆ ಆಗುತ್ತಿದೆ ಅಂತ ನನಗೇ ಹೊಟ್ಟೆ ತುಂಬಿದ ಹಾಗಿತ್ತು ಪುಟ್ಟಾ. ಯಾವತ್ತೂ ಯಾರ ಹತ್ತಿರವೂ ಹೇಳಿಲ್ಲ, ನಿನಗೆ ಹೇಳ್ತಿದ್ದೀನಿ, ಆ ಬೆಳಗಿನ ಎರಡು ಗಂಟೆ ನನ್ನ ಇಡೀ ದಿನದಲ್ಲಿ ನನ್ನದು ಅನ್ನಿಸೋ ಹೊತ್ತು. ಅದೇ ಈಗ ಕೈಬಿಟ್ಟು ಹೋಗೋ ಹಾಗಿದೆ.

ಆಗಸ್ಟ್ ಕೊನೆಗೆ ಎಲ್ಲರೂ ಮೂರು ಪುಟ ಬರೆಯಬೇಕಿತ್ತು. ವಿಷಯ, ‘ನಾನು ಕಾದ ಒಂದು ದಿನ’. ಪ್ರತಿ ವರ್ಷ ಇದೇ ವಿಷಯವಂತೆ. ಕಾಗದದ ಮೇಲೆ ಹೆಸರು ಹಾಕಬಾರದು, ನಂಬರ್ ಮಾತ್ರ, ಯಾರ ನಂಬರ್ ಯಾವುದು ಅನ್ನೋ ಪಟ್ಟಿ ಆಫೀಸಿನಲ್ಲಿರುತ್ತೆ, ಮೊದಲೇ ಯಾರದು ಅಂತ ಗೊತ್ತಾದರೆ ಅಂಕ ಹಾಕೋ ಕೈ ವಾಲುತ್ತೆ ಅಂತಾರೆ ಮೇಷ್ಟ್ರು. ಹತ್ತೊಂಬತ್ತನೇ ನಿಯಮವನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ: ಬರೆದದ್ದು ನಿಮ್ಮ ಸ್ವಂತದ್ದೇ ಆಗಿರಬೇಕು, ಇನ್ನೊಬ್ಬರದ್ದನ್ನು ನಕಲು ಮಾಡಿದರೆ ತರಗತಿಯಿಂದ ಹೆಸರು ತೆಗೆಯಲಾಗುತ್ತದೆ. ನನಗೆ ಅದು ವಿಚಿತ್ರ ಅನ್ನಿಸಿತ್ತು. ನಮ್ಮ ಕೆಲಸದಲ್ಲಿ ಮಾದರಿ ಅಂಗಿ ಮುಂದಿಟ್ಟುಕೊಂಡು ಅದರ ಹಾಗೇ ಹೊಲಿದರೆ ಗಿರಾಕಿ ಮೆಚ್ಚಿಕೊಂಡು ಹೋಗ್ತಾನೆ, ಇಲ್ಲಿ ಅದೇ ಕಳ್ಳತನ. ಇರಲಿ, ನನಗೇನು ಭಯ, ನನ್ನ ಹತ್ತಿರ ನನ್ನದೇ ಒಂದು ದಿನ ಇತ್ತಲ್ಲ. ಅದು ಯಾವುದು ಅಂತ ನಿನಗೆ ಹೇಳಬೇಕಾಗಿಲ್ಲ. ದೂರದ ಊರಿನ ಕಾಲೇಜಿಗೆ ಅರ್ಜಿ ಹಾಕಿ, ಸೀಟು ಸಿಕ್ಕಿತೋ ಇಲ್ಲವೋ ಅನ್ನೋ ಕಾಗದಕ್ಕೆ ಮೆಟ್ಟಿಲ ಮೇಲೆ ಕೂತು ಕಾದದ್ದು, ಅದು ಬರದೇ ಹೋದದ್ದು. ಅಮ್ಮ ಇರೋ ತನಕ ಬಂದೋರ ಮುಂದೆಲ್ಲ ಒಂದೇ ಮಾತಿನಲ್ಲಿ ಹೇಳುತ್ತಿದ್ದಳಲ್ಲ, ‘ಪೋಸ್ಟ್‌ಮ್ಯಾನ್ ಬಂದ, ನೀರು ಕೇಳಿದ, ಕುಡಿದ, ಹೋದ. ಹುಡುಗಿ ಕೂತೇ ಇದ್ದಳು.’ ನಾನು ಅದನ್ನೇ ಮೊದಲ ಸಾಲು ಮಾಡಿದೆ. ಅಮ್ಮನ ಮಾತು ಅಂದರೆ ಮನೆಯ ಮಾತು, ಅದು ಇನ್ನೊಬ್ಬರದ್ದು ಅಂತ ನನಗೆ ಹೊಳೆಯಲೇ ಇಲ್ಲ. ಎರಡು ದಿನ ಕೂತು ಬರೆದೆ, ಅತ್ತೆ, ಒರೆಸಿಕೊಂಡೆ, ಕೊಟ್ಟೆ.

ಗುರುವಾರ ತರಗತಿ ಮುಗಿದ ಮೇಲೆ ಮೇಷ್ಟ್ರು ‘ನೀವು ಸ್ವಲ್ಪ ಇರಿ’ ಅಂದರು. ಹೊಗಳ್ತಾರೆ ಅಂತ ಸೆರಗು ಸರಿ ಮಾಡಿಕೊಂಡು ನಿಂತೆ, ನನ್ನ ಮುಖಕ್ಕಿಷ್ಟು! ಓದೋ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದರು. ಅಲ್ಲೊಂದು ಬೀರು ಇದೆ, ಪ್ರತಿ ವರ್ಷದ ಒಂದೆರಡು ಒಳ್ಳೆ ಬರಹಗಳನ್ನು ಬರೆದವರ ಒಪ್ಪಿಗೆ ತಗೊಂಡು ಅದರಲ್ಲಿ ಇಟ್ಟಿರ್ತಾರೆ, ಬೇಕಾದ ವಿದ್ಯಾರ್ಥಿಗಳು ತೆಗೆದು ಓದಬಹುದು. ಜುಲೈನಲ್ಲಿ ಆ ಕೋಣೆಯ ಪರದೆಗಳು ಹರಿದಿವೆ ಅಂತ ನಾನೇ ಮುಂದೆ ಬಿದ್ದು, ಮೂರು ಮಧ್ಯಾಹ್ನ ಅಲ್ಲೇ ಒಬ್ಬಳೇ ಕೂತು ಹೊಲಿದುಕೊಟ್ಟಿದ್ದೆ. ಬೀರುವಿನ ಕಡೆ ಕತ್ತೆತ್ತಿ ನೋಡಿರಲಿಲ್ಲ, ನನ್ನ ಆಣೆ. ಮೇಷ್ಟ್ರು ನನ್ನ ಮೂರು ಪುಟ ಮೇಜಿನ ಮೇಲಿಟ್ಟರು, ಪಕ್ಕದಲ್ಲಿ ಹಳದಿ ತಿರುಗಿದ ಇನ್ನು ಮೂರು ಪುಟ ಇಟ್ಟರು. ಇದು ಇಪ್ಪತ್ತು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿ ಬರೆದದ್ದು, ಎರಡರ ಮೊದಲ ಸಾಲೂ ಒಂದೇ, ಮೆಟ್ಟಿಲು ಒಂದೇ, ಒಂದು ಕಾಲು ಎಳೆಯೋ ಪೋಸ್ಟ್‌ಮ್ಯಾನ್ ಒಬ್ಬನೇ, ನೀವು ಇದನ್ನ ಓದಿ ಬರೆದಿದ್ದೀರಿ, ನಿಮ್ಮಿಂದ ನಾನು ಇದನ್ನ ನಿರೀಕ್ಷೆ ಮಾಡಿರಲಿಲ್ಲ ಅಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಳ್ಳಿ ಅಂತ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಜೀವಮಾನದಲ್ಲಿ ಯಾರದೂ ಒಂದು ಗೇಣು ಬಟ್ಟೆ ಉಳಿಸಿಕೊಂಡವಳಲ್ಲ ನಾನು. ಆ ಹಳದಿ ಕಾಗದ ಎಳೆದುಕೊಂಡೆ.

ಮೂಲೆಯಲ್ಲಿ ನಲವತ್ತೇಳು ಅಂತ ನಂಬರ್. ಅದರ ಕೆಳಗೆ ನಿನ್ನ ಅಕ್ಷರ. ಇರುವೆ ಸಾಲು ಹೋದ ಹಾಗೆ ಬಲಕ್ಕೆ ಏರುವ ನಿನ್ನ ಅಕ್ಷರ, ನಾನೇ ಸ್ಲೇಟು ಹಿಡಿಸಿ ತಿದ್ದಿಸಿದ್ದು, ನನಗೆ ಗೊತ್ತಾಗೋದಿಲ್ಲವೇನೋ? ಅಯ್ಯೋ ನಮ್ಮ ಪುಟ್ಟ ಇಷ್ಟು ಚೆನ್ನಾಗಿ ಬರೀತಾನಾ ಅಂತ ಮೊದಲು ಖುಷಿಯೇ ಆಯಿತು ಕಣೋ. ಎಲ್ಲ ಬಿಟ್ಟು ನನ್ನ ಆ ದಿನವನ್ನೇ ಬರೆದಿದ್ದಾನಲ್ಲ, ಅಕ್ಕನ ಕಷ್ಟ ಅಷ್ಟು ಮನಸ್ಸಿಗೆ ತಗೊಂಡಿದ್ದಾನಲ್ಲ ಅಂತ ಎದೆ ಉಬ್ಬಿತು. ಎರಡು ಪುಟ ಹಾಗೇ ಓದಿದೆ. ಆಮೇಲೆ ಮೂರನೇದು ತಿರುಗಿಸಿದೆ.

ಅದರಲ್ಲಿ ಏನಿದೆ ಅಂತ ನಿನಗೆ ನೆನಪಿದೆಯೋ ಇಲ್ಲವೋ, ನಾನು ಹೇಳ್ತೀನಿ ಕೇಳು. ಪೋಸ್ಟ್‌ಮ್ಯಾನ್ ಕಾಗದ ತಂದಿದ್ದ. ನಾನು ಕಾಯೋಕೆ ಕೂರೋದಕ್ಕೆ ಹಿಂದಿನ ದಿನವೇ ತಂದಿದ್ದ, ಗೇಟಿನ ಹತ್ತಿರ ಗೋಲಿ ಆಡುತ್ತಿದ್ದ ಒಂಬತ್ತು ವರ್ಷದ ನಿನ್ನ ಕೈಗೆ ಕೊಟ್ಟಿದ್ದ. ನಾನು ಹಿತ್ತಲಲ್ಲಿ ತಲೆ ಒಣಗಿಸಿಕೊಳ್ಳುತ್ತಿದ್ದೆ. ಕಾಲೇಜಿನ ಮುದ್ರೆ ನಿನಗೆ ಗುರುತಿತ್ತು, ಅರ್ಜಿ ತುಂಬುವಾಗ ನಾನೇ ತೋರಿಸಿದ್ದೆ. ಅಕ್ಕ ಹಾಸ್ಟೆಲಿಗೆ ಹೋಗಿಬಿಟ್ಟರೆ ನನ್ನ ಪಕ್ಕ ಯಾರು ಮಲಗ್ತಾರೆ ಅಂತ ನೀನು ಅದನ್ನ ಲೆಕ್ಕದ ಪುಸ್ತಕದ ಹೊದಿಕೆಯ ಒಳಗೆ ತುರುಕಿದೆ. ಮಾರನೇ ದಿನದಿಂದ ನಾನು ಮೆಟ್ಟಿಲ ಮೇಲೆ ಕೂತೆ, ನೀನು ನನ್ನ ಪಕ್ಕ ಕೂತೆ. ದಿನಾ ಕೂತೆ! ನಾನು ಅತ್ತಾಗ ನಿನ್ನ ಅಂಗಿ ತುದಿಯಿಂದ ನನ್ನ ಮೂಗು ಒರೆಸಿದೆ. ಇವತ್ತು ಕೊಡೋಣ, ನಾಳೆ ಕೊಡೋಣ ಅಂತ ಇದ್ದೆಯಂತೆ, ಅಷ್ಟರಲ್ಲಿ ಸೇರೋ ದಿನಾಂಕ ದಾಟಿಹೋಯಿತಂತೆ, ಅಮ್ಮ ನನ್ನನ್ನ ಹೊಲಿಗೆಗೆ ಹಾಕಿದಳಂತೆ. ಒಡೆಯಲಿಲ್ಲ, ಹರಿಯಲಿಲ್ಲ, ಕೊಡಲೂ ಇಲ್ಲ, ಈಗಲೂ ನನ್ನ ಪೆಟ್ಟಿಗೆಯಲ್ಲಿದೆ ಅಂತ ಬರೆದಿದ್ದೀಯ. ಕೊನೆ ಸಾಲು, ‘ಇವತ್ತು ನಾನು ಕಾಲೇಜಿಗೆ ಹಾಕಿಕೊಂಡು ಬಂದಿರುವ ಅಂಗಿಯನ್ನು ಅಕ್ಕನೇ ಹೊಲಿದುಕೊಟ್ಟಳು.’

ಎರಡನೇ ಸಲ ಓದಿದೆ, ಬೇರೆ ಯಾರದ್ದೋ ಮನೆ ವಿಷಯ ಆಗಿರಲಿ ದೇವರೇ ಅಂತ ಓದಿದೆ. ಮೇಷ್ಟ್ರು ನೀರು ತಂದುಕೊಟ್ಟರು, ಲೋಟದ ಕಡೆ ನೋಡದೆ ಕೈ ಚಾಚಿ ಮೇಜಿನ ಮೇಲೆಲ್ಲ ಚೆಲ್ಲಿದೆ, ಅವರು ಎರಡೂ ಬರಹಗಳನ್ನು ಎತ್ತಿ ಎದೆಗೆ ಹಿಡಿದುಕೊಂಡರು. ಆಗ ಹೇಳಿದೆ, ಸರ್, ಇದನ್ನ ಬರೆದವನು ನನ್ನ ತಮ್ಮ, ಆ ಮೆಟ್ಟಿಲ ಮೇಲೆ ಕೂತವಳು ನಾನು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಇಪ್ಪತ್ತು ವರ್ಷದಿಂದ ಪ್ರತಿ ತಂಡಕ್ಕೂ ಅವರವರ ಬರಹ ಕೊಟ್ಟು ಮುಗಿದ ಮೇಲೆ ಇದನ್ನ ಓದೋಕೆ ಹೇಳ್ತಿದ್ದೀನಲ್ಲಮ್ಮಾ ಅಂದರು. ಕೇಳಿದೆಯಾ ಪುಟ್ಟಾ? ಊರಿನ ಮಕ್ಕಳೆಲ್ಲ ಓದಿದ್ದಾರೆ. ನೀನು ಒಪ್ಪಿಗೆ ಸಹಿ ಹಾಕಿ ಬೀರುವಿನಲ್ಲಿ ಇಡಿಸಿದ್ದೀಯ. ಯಾರು ಬೇಕಾದರೂ ಓದಬಹುದಿತ್ತು, ನಾನೊಬ್ಬಳು ಬಿಟ್ಟು. ನನಗೆ ಎಲ್ಲಕ್ಕಿಂತ ಚುಚ್ಚಿದ್ದು ಅದೇ. ಆಮೇಲೆ ನನ್ನ ಬಾಯಿಗೆ ಅದೆಲ್ಲಿಂದ ಬಂತೋ, ಸರ್, ಇವತ್ತಿನ ನನ್ನ ಪ್ರಶ್ನೆ ಇದು ಅಂದೆ, ನನ್ನ ದಿನವನ್ನ ಅವನು ತಗೊಂಡು ಬರೆದರೆ ಅದು ಅವನ ಸ್ವಂತದ್ದು ಹೇಗಾಗುತ್ತೆ? ಅವರು ಪೆನ್ಸಿಲ್ ತೆಗೆದು ಅದನ್ನ ನನ್ನ ಪುಟದ ಅಂಚಿನಲ್ಲಿ ಬರೆದುಕೊಂಡರು.

ಆದರೂ ನಿಯಮ ನಿಯಮವೇ. ಅವರು ಹಿಂದಿನ ದಿನವೇ ವಿಭಾಗದ ಸಮಿತಿಗೆ ದೂರು ಕೊಟ್ಟುಬಿಟ್ಟಿದ್ದರು, ವಾಪಸ್ ತಗೊಳ್ಳೋಕೆ ಬರೋದಿಲ್ಲವಂತೆ. ಇಪ್ಪತ್ತೇಳನೇ ತಾರೀಕು ಶುಕ್ರವಾರ ಸಮಿತಿ ಸೇರುತ್ತೆ. ಆ ಹೊತ್ತಿಗೆ ನಲವತ್ತೇಳನೇ ನಂಬರಿನವನು ನಾನೇ, ಬರೆದದ್ದು ನಿಜ, ಅದರಲ್ಲಿರುವ ಅಕ್ಕ ಇವಳೇ ಅಂತ ನಿನ್ನ ಕೈಬರಹದಲ್ಲಿ ಬರಬೇಕು. ಬಂದರೆ ನಾನು ಉಳೀತೀನಿ, ಇಲ್ಲದಿದ್ದರೆ ನನ್ನ ಹೆಸರು ಹೊಡೆದುಹಾಕ್ತಾರೆ. ನೋಡು ನಮ್ಮ ಹಣೆಬರಹ, ನೀನು ತಪ್ಪು ಒಪ್ಪಿಕೊಂಡರೆ ಮಾತ್ರ ನಾನು ತಪ್ಪು ಮಾಡಿಲ್ಲ ಅಂತಾಗುತ್ತೆ. ಒಂದು ಸಲ ನಿನ್ನಿಂದ ಕಾಲೇಜು ಹೋಯಿತು, ಇನ್ನೊಂದು ಸಲ ಹೋಗೋಕೆ ನಾನು ಬಿಡೋದಿಲ್ಲ, ಹೇಳಿರ್ತೀನಿ.

ಎರಡು ದಿನ ನಿನಗೆ ಹಿಡಿಶಾಪ ಹಾಕಿದೆ. ನಿನ್ನ ಭಾವನ ಮುಂದೆ ಹಾಕಿದೆ, ಮಷಿನ್ ಮುಂದೆ ಹಾಕಿದೆ. ಅವರು ಹಾರನ್ ಸುದ್ದಿ ಬಿಟ್ಟು ನನ್ನ ತಟ್ಟೆಗೆ ಬಡಿಸಿದರು. ಈಗ ಒಂದೊಂದೇ ಅರ್ಥ ಆಗ್ತಿದೆ. ಮನೆಗೆ ಬಂದರೆ ನೀನು ಬೆಂಕಿ ತುಳಿದವನ ಹಾಗೆ ಒಂದು ದಿನಕ್ಕೇ ಹೊರಟುಬಿಡುತ್ತಿದ್ದೆ, ನಾನು ನಿನ್ನ ಹೆಂಡತಿಯೇ ಎಳೆದುಕೊಂಡು ಹೋಗ್ತಾಳೆ ಅಂತ ಒಳಗೊಳಗೇ ಬೈದುಕೊಂಡಿದ್ದೆ. ಅವಳ ಕೆನ್ನೆ ಸವರಿ ಕ್ಷಮಿಸು ಅಂದೆ ಅಂತ ಹೇಳು, ಯಾಕೆ ಅಂತ ಹೇಳಬೇಡ. ನಾನು ಹೊಲಿದ ಅಂಗಿ ಕಳಿಸಿದರೆ ಒಂದೂ ಹಾಕಿಕೊಂಡದ್ದು ನೋಡಲಿಲ್ಲ, ದೊಡ್ಡ ಮನುಷ್ಯ ಆದ, ಅಕ್ಕನ ಹೊಲಿಗೆ ಹಿಡಿಸೋದಿಲ್ಲ ಅಂದುಕೊಂಡೆ. ಹೇಳಬಾರದಿತ್ತೇನೋ? ಹತ್ತು ವರ್ಷಕ್ಕೆ ಹೇಳಿದ್ದರೆ ಎರಡೇಟು ಹಾಕುತ್ತಿದ್ದೆ, ಹದಿನೆಂಟಕ್ಕೆ ಹೇಳಿದ್ದರೆ ನಾಲ್ಕು ದಿನ ಮಾತು ಬಿಡುತ್ತಿದ್ದೆ, ಅಷ್ಟೇ ತಾನೇ. ಇಪ್ಪತ್ತೊಂಬತ್ತು ವರ್ಷ ಬಚ್ಚಿಟ್ಟುಕೊಂಡು ನಿನ್ನನ್ನೂ ನನ್ನಿಂದ ದೂರ ಮಾಡಿಬಿಟ್ಟೆಯಲ್ಲ, ಅದಕ್ಕೆ ಏನು ಮಾಡಲಿ ನಾನು. ಹಾಗಂತ ಎಲ್ಲ ನಿನ್ನ ತಲೆಗೇ ಕಟ್ಟೋದಿಲ್ಲ. ಕಾಗದ ಬರದಿದ್ದರೆ ನಾನೇ ಬಸ್ ಹತ್ತಿ ಹೋಗಿ ಕೇಳಬಹುದಿತ್ತು. ಹೋಗಲಿಲ್ಲ. ಇಲ್ಲಮ್ಮಾ ನಿನಗೆ ಸೀಟಿಲ್ಲ ಅಂತ ಮುಖದ ಮೇಲೆ ಅಂದುಬಿಟ್ಟರೆ ಅನ್ನೋ ಹೆದರಿಕೆ. ಬರಲಿಲ್ಲ ಅನ್ನೋದೇ ಹಗುರ ಅನ್ನಿಸಿತ್ತು. ಇದನ್ನ ನನ್ನ ಮೂರು ಪುಟದಲ್ಲಿ ಬರೆದಿಲ್ಲ, ನಿನಗೆ ಬರೀತಿದ್ದೀನಿ.

ಆದ್ದರಿಂದ ಈ ಕಾಗದ ಕೈಗೆ ಸಿಕ್ಕ ದಿನವೇ ಸಮಿತಿಗೆ ಬರೆದು ಕಾಲೇಜಿನ ವಿಳಾಸಕ್ಕೆ ಹಾಕು. ಚೆಂದ ಮಾಡೋಕೆ ಹೋಗಬೇಡ, ಇದ್ದದ್ದನ್ನು ಇದ್ದ ಹಾಗೆ ಬರೆ. ಮೇಷ್ಟ್ರು ನಿನ್ನನ್ನ ಕೇಳಿದರು. ಸೇತುವೆ ಬಿರುಕು ನೋಡೋ ಕೆಲಸದಲ್ಲಿದ್ದಾನೆ ಅಂದೆ, ಸರಿಯಾಗಿದೆ ಅಂದರು, ಯಾಕೆ ಹಾಗಂದರೋ. ಮಗಳಿಗೆ ಹೊಸ ಹಲ್ಲಿಗೊಂದು ಅತ್ತೆಯ ಮುತ್ತು, ನಿನ್ನ ಹೆಂಡತಿಗೆ ಪ್ರೀತಿ. ನಿನ್ನ ಮೇಲಿನ ಕೋಪ ಇಳಿದಿಲ್ಲ, ಇಳಿಯೋಕೆ ಇನ್ನೂ ದಿನ ಬೇಕು, ಆದರೂ ನೂರು ಕಾಲ ಚೆನ್ನಾಗಿರು, ಸೊಂಟ ಜೋಪಾನ.

ನಿನ್ನ
ಅಕ್ಕ

ವಿ.ಸೂ.: ಅಂಟು ಹಚ್ಚಿದವಳು ಮತ್ತೆ ಬಿಚ್ಚಿ ಬರೀತಿದ್ದೀನಿ, ಅಂಚೆಯವನು ಡಬ್ಬದ ಹತ್ತಿರ ಬಂದಾಯಿತು. ಆ ಕಾಗದ ಇನ್ನೂ ಇದೆ ತಾನೇ? ನೀನು ಒಡೆದಿಲ್ಲ ಅಂದಮೇಲೆ ಒಳಗೆ ಸೀಟು ಸಿಕ್ಕಿದೆ ಅಂತಿದೆಯೋ ಇಲ್ಲ ಅಂತಿದೆಯೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇಲ್ಲ ಅಂತಿದ್ದರೆ ನೀನು ಇಷ್ಟು ವರ್ಷ ಸುಮ್ಮನೆ ಬೆಂದೆ. ಬಾ ಅಂತಿದ್ದರೆ ನಾನು ಏನು ಮಾಡ್ತೀನೋ ನನಗೇ ಗೊತ್ತಿಲ್ಲ. ಅದನ್ನ ಅಂಚೆಗೆ ಹಾಕಬೇಡ. ನೀನೇ ತಗೊಂಡು ಬಾ, ಒಂದು ದಿನಕ್ಕಲ್ಲ, ಇರೋಕೆ ಬಾ. ಒಬ್ಬಳೇ ಕೂತು ಅದನ್ನ ಒಡೆಯೋ ಧೈರ್ಯ ನನಗಿಲ್ಲ ಪುಟ್ಟಾ.